ಶೂಟಿಂಗ್ ಅಭ್ಯಾಸಕ್ಕೆ ಕಿವಿಯೊಳಗಿನ ಎಲೆಕ್ಟ್ರಾನಿಕ್ ರಕ್ಷಕ: ಏನನ್ನು ನೋಡಿ ಆರಿಸಬೇಕು?

ಪ್ರಶ್ನೆ: ನಾನು .22 ರೈಫಲ್‌ನಲ್ಲಿ ಗುರಿ ಅಭ್ಯಾಸ ಮಾಡುತ್ತೇನೆ. ಈಚೆಗೆ 12 ಬೋರ್ ಶಾಟ್‌ಗನ್‌ನಲ್ಲಿ ಟ್ರ್ಯಾಪ್ ಶೂಟಿಂಗ್ (ಗಾಳಿಗೆ ಎಸೆದ ತಟ್ಟೆಗಳಿಗೆ ಗುಂಡು ಹಾರಿಸುವ ಆಟ) ಕೂಡ ಆರಂಭಿಸಿದ್ದೇನೆ. ಇಯರ್‌ಮಫ್ ಹಾಕಿಕೊಂಡರೆ, ಬಂದೂಕನ್ನು ಕೆನ್ನೆಗೆ ಒತ್ತಿದಾಗ ಅದರ ಹಿಂಬದಿಯ ಹಿಡಿ, ಅಂದರೆ ಸ್ಟಾಕ್, ತಾಗಿ ಮಫ್ ಸರಿದುಬಿಡುತ್ತದೆ. ಫೋಮ್ ಪ್ಲಗ್ ಹಾಕಿದರೆ ರೇಂಜ್ ಅಧಿಕಾರಿಯ ಆದೇಶ ಕೇಳಿಸುವುದಿಲ್ಲ. ಪದೇ ಪದೇ ತೆಗೆದು ಹಾಕಬೇಕಾಗುತ್ತದೆ. ಕಿವಿಯೊಳಗೆ ಕೂರುವ ಎಲೆಕ್ಟ್ರಾನಿಕ್ ರಕ್ಷಕ ಕೊಳ್ಳೋಣವೆಂದರೆ ಒಂದರ ಡಬ್ಬಿಯ ಮೇಲೆ ಎನ್‌ಆರ್‌ಆರ್ ಎಂದಿದೆ, ಇನ್ನೊಂದರ ಮೇಲೆ ಎಸ್‌ಎನ್‌ಆರ್ ಎಂದಿದೆ, ಮತ್ತೊಂದು ಎರಡೇ ಮಿಲಿಸೆಕೆಂಡಿನಲ್ಲಿ ಸದ್ದನ್ನು ತಡೆಯುತ್ತದಂತೆ. ಕಿವಿಯ ಅಚ್ಚು ತೆಗೆಸಿ ಮಾಡಿಸಿದ್ದೇ ಒಳ್ಳೆಯದೆಂದು ಕೆಲವರು ಹೇಳುತ್ತಾರೆ. ನಾನು ಏನನ್ನು ನೋಡಿ ಆರಿಸಬೇಕು?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು ಡಬ್ಬಿಯ ಮೇಲಿನ ಸಂಖ್ಯೆಗಳ ಗೊಂದಲಕ್ಕಿಂತ, ಪ್ಲಗ್ಗನ್ನು ಪದೇ ಪದೇ ತೆಗೆದು ಹಾಕುತ್ತೇನೆ ಎಂದು ನೀವು ಹೇಳಿರುವ ಮಾತು. ಶಬ್ದವನ್ನು 30 ಡೆಸಿಬೆಲ್‌ನಷ್ಟು ತಗ್ಗಿಸುವ ಪ್ಲಗ್ ಕಿವಿಗೆ ತಲುಪುವ ಶಬ್ದಶಕ್ತಿಯನ್ನು ಸಾವಿರದಲ್ಲಿ ಒಂದು ಪಾಲಿಗೆ ಇಳಿಸುತ್ತದೆ. ಅದೇ ಲೆಕ್ಕವನ್ನು ತಿರುಗಿಸಿ ನೋಡಿದರೆ, ಆದೇಶ ಕೇಳಿಸಿಕೊಳ್ಳಲೆಂದು ನೀವು ಪ್ಲಗ್ ತೆಗೆದಿದ್ದ ಹೊತ್ತಿನಲ್ಲಿ ಪಕ್ಕದ ಲೇನಿನವರು ಹಾರಿಸಿದ ಒಂದೇ ಗುಂಡು, ಪ್ಲಗ್ ಹಾಕಿಕೊಂಡು ಕೇಳಿದ ಸಾವಿರ ಗುಂಡುಗಳಷ್ಟು ಶಕ್ತಿಯನ್ನು ನಿಮ್ಮ ಕಿವಿಗೆ ಸುರಿದಿರುತ್ತದೆ. ಅಂದರೆ ಎಷ್ಟೇ ಒಳ್ಳೆಯ ಪ್ಲಗ್ ಆದರೂ ಅಭ್ಯಾಸದ ಮಧ್ಯೆ ಒಮ್ಮೆ ಕೈತಪ್ಪಿದರೆ ಇಡೀ ದಿನದ ಎಚ್ಚರಿಕೆ ವ್ಯರ್ಥವಾಗುತ್ತದೆ. ಎಲೆಕ್ಟ್ರಾನಿಕ್ ರಕ್ಷಕದ ಮುಖ್ಯ ಪ್ರಯೋಜನ ಇರುವುದೇ ಇಲ್ಲಿ: ಅದನ್ನು ಹಾಕಿಕೊಂಡೇ ಮಾತು ಕೇಳಬಹುದಾದ್ದರಿಂದ, ರೇಂಜಿನೊಳಗೆ ಕಾಲಿಟ್ಟ ಗಳಿಗೆಯಿಂದ ಹೊರಗೆ ಬರುವವರೆಗೆ ಅದನ್ನು ತೆಗೆಯುವ ಪ್ರಸಂಗ ಬರುವುದಿಲ್ಲ. ನೀವು ಕೊಳ್ಳಲು ಯೋಚಿಸುತ್ತಿರುವುದು ಸರಿಯಾದ ವಸ್ತುವನ್ನೇ.

ನಾವು ಎದುರಿಸುತ್ತಿರುವ ಸದ್ದು ಎಂಥದ್ದು ಎಂಬುದು ಮೊದಲು ತಿಳಿದಿರಬೇಕು. ಹಾರಿಸುವವರ ಕಿವಿಯ ಬಳಿ .22 ರೈಫಲ್‌ನ ಸದ್ದಿನ ಗರಿಷ್ಠ ಮಟ್ಟ ಸುಮಾರು 140 ಡೆಸಿಬೆಲ್ ಇರುತ್ತದೆ, 12 ಬೋರ್ ಶಾಟ್‌ಗನ್‌ನದು ನಳಿಗೆಯ ಉದ್ದ ಮತ್ತು ತೋಟಾದ ಬಲಕ್ಕೆ ತಕ್ಕಂತೆ 150ರಿಂದ 165, 9 ಮಿ.ಮೀ. ಪಿಸ್ತೂಲಿನದು 160ರ ಆಸುಪಾಸು. ಡೆಸಿಬೆಲ್ ಸಾಮಾನ್ಯ ಅಂಕಗಣಿತದಂತೆ ಏರುವುದಿಲ್ಲ. 140 ಡೆಸಿಬೆಲ್ ಎಂದರೆ 200 ಪಾಸ್ಕಲ್ ಒತ್ತಡ, 160 ಡೆಸಿಬೆಲ್ ಎಂದರೆ 2000 ಪಾಸ್ಕಲ್. ಸಂಖ್ಯೆಯಲ್ಲಿ ಇಪ್ಪತ್ತರ ಅಂತರ ಅಷ್ಟೇ, ಕಿವಿಯ ತಮಟೆಯ ಮೇಲೆ ಬೀಳುವ ಒತ್ತಡ ಮಾತ್ರ ಹತ್ತು ಪಟ್ಟು. ಸಿಡಿತದಂಥ ಸದ್ದಿಗೆ ಅಮೆರಿಕದ ಔದ್ಯೋಗಿಕ ಸುರಕ್ಷತಾ ನಿಯಮವೂ ಐರೋಪ್ಯ ಒಕ್ಕೂಟದ 2003ರ ನಿರ್ದೇಶನವೂ 140 ಡೆಸಿಬೆಲ್‌ನ ಗರಿಷ್ಠ ಮಿತಿಯನ್ನು ಇಟ್ಟಿವೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ 140 ಎಂದೂ ಮಕ್ಕಳಿಗೆ 120 ಎಂದೂ ಹೇಳಿದೆ. ನಿಮ್ಮ ರೈಫಲ್ ಈ ಗೆರೆಯ ಅಂಚಿನಲ್ಲಿದ್ದರೆ ನಿಮ್ಮ ಶಾಟ್‌ಗನ್ ಅದನ್ನು ಬಹಳ ದೂರ ದಾಟಿದೆ. ಆದ್ದರಿಂದ ರಕ್ಷಕವನ್ನು ಶಾಟ್‌ಗನ್ ಮನಸ್ಸಿನಲ್ಲಿಟ್ಟುಕೊಂಡೇ ಆರಿಸಬೇಕು. ರೈಫಲ್‌ಗೆ ಅದು ತಾನಾಗಿ ಸಾಕಾಗುತ್ತದೆ.

ಈ ಒತ್ತಡ ಹಾನಿ ಮಾಡುವುದು ಒಳಕಿವಿಯ ಶಂಖದಲ್ಲಿರುವ ರೋಮಕೋಶಗಳಿಗೆ. ಮನುಷ್ಯರಲ್ಲಿ ಅವು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮೊದಲು ಪೆಟ್ಟು ಬೀಳುವುದು ಸಾಮಾನ್ಯವಾಗಿ 3000ದಿಂದ 6000 ಹರ್ಟ್ಸ್ ವ್ಯಾಪ್ತಿಗೆ. ಶ್ರವಣ ಪರೀಕ್ಷೆಯ ನಕ್ಷೆಯಲ್ಲಿ 4000 ಹರ್ಟ್ಸ್‌ನ ಬಳಿ ಒಂದು ತಗ್ಗು ಕಾಣುತ್ತದೆ. ಮಾತಿನಲ್ಲಿ ಸ, ಶ, ತ, ಫ ಮೊದಲಾದ ಧ್ವನಿಗಳ ಸ್ಪಷ್ಟತೆ ನಿಂತಿರುವುದು ಇಂಥ ಎತ್ತರದ ಆವರ್ತನಗಳ ಮೇಲೆಯೇ ಆದ್ದರಿಂದ, 'ಮಾತು ಕೇಳುತ್ತದೆ, ಆದರೆ ಅರ್ಥವಾಗುವುದಿಲ್ಲ' ಎಂಬ ದೂರು ಆಗ ಶುರುವಾಗುತ್ತದೆ. ಬಲಗೈ ರೈಫಲ್ ಅಥವಾ ಶಾಟ್‌ಗನ್ ಶೂಟರ್‌ಗಳಲ್ಲಿ ಈ ತಗ್ಗು ಎಡಗಿವಿಯಲ್ಲಿ ಹೆಚ್ಚು ಆಳವಾಗಿರುವುದು ವೈದ್ಯರಿಗೆ ಚೆನ್ನಾಗಿ ಪರಿಚಿತವಾದ ಸಂಗತಿ: ಗುರಿ ಹಿಡಿದಾಗ ಎಡಗಿವಿ ನಳಿಗೆಯ ಬಾಯಿಯ ಕಡೆ ತಿರುಗಿರುತ್ತದೆ, ಬಲಗಿವಿ ತಲೆಯ ಮರೆಯಲ್ಲಿರುತ್ತದೆ. ಎಡಗಿವಿಯ ಪ್ಲಗ್ ಸರಿಯಾಗಿ ಕೂತಿದೆಯೇ ಎಂದು ಎರಡು ಸಲ ನೋಡಿಕೊಳ್ಳುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಾಗಿಲ್ಲ.

ಈಗ ಸಾಧನದ ಮಾತಿಗೆ ಬರೋಣ. ಕಿವಿಯೊಳಗಿನ ಎಲೆಕ್ಟ್ರಾನಿಕ್ ರಕ್ಷಕದಲ್ಲಿ ಎರಡು ಬೇರೆ ಬೇರೆ ಕೆಲಸಗಳು ಒಂದೇ ಕವಚದೊಳಗೆ ನಡೆಯುತ್ತವೆ. ಸದ್ದನ್ನು ತಡೆಯುವುದು ಕಿವಿಯ ನಾಳವನ್ನು ಬಿಗಿಯಾಗಿ ಮುಚ್ಚುವ ಫೋಮ್ ಅಥವಾ ಸಿಲಿಕೋನ್ ತುದಿ ಮತ್ತು ಅದರ ಹಿಂದಿನ ಗಟ್ಟಿ ಕವಚ. ಹೊರಗಿನ ಮಾತನ್ನು ಒಳಗೆ ತಲುಪಿಸುವುದು ಪುಟ್ಟ ಮೈಕ್ರೊಫೋನು, ವರ್ಧಕ ಮತ್ತು ಸ್ಪೀಕರು. ಎಲೆಕ್ಟ್ರಾನಿಕ್ಸ್ ಭಾಗ ಗುಂಡಿನ ಸದ್ದನ್ನು ಒಂದು ಡೆಸಿಬೆಲ್‌ನಷ್ಟೂ ತಡೆಯುವುದಿಲ್ಲ. ತಾನು ಒಳಗೆ ಬಿಡುವ ಸದ್ದು ಮಿತಿ ಮೀರದಂತೆ ನೋಡಿಕೊಳ್ಳುವುದಷ್ಟೇ ಅದರ ಹೊಣೆ. ಬ್ಯಾಟರಿ ಮುಗಿದರೂ ರಕ್ಷಣೆ ಉಳಿಯುವುದು, ತುದಿ ಸಡಿಲವಾಗಿದ್ದರೆ ಅತ್ಯಂತ ದುಬಾರಿ ಸಾಧನವೂ ಕೆಲಸಕ್ಕೆ ಬಾರದಿರುವುದು, ಎರಡೂ ಇದೇ ಕಾರಣಕ್ಕೆ. ಹಾಗಾಗಿ ಆಯ್ಕೆಯಲ್ಲಿ ಮೊದಲ ಪ್ರಶ್ನೆ 'ಇದು ನನ್ನ ಕಿವಿಯನ್ನು ಮುಚ್ಚುತ್ತದೆಯೇ' ಎಂಬುದು. ಮಿಕ್ಕ ಎಲ್ಲ ಗುಣವಿಶೇಷಗಳೂ ಅದರ ನಂತರ ಬರುತ್ತವೆ.

ಎರಡು ಮಿಲಿಸೆಕೆಂಡಿನ ಮಾತನ್ನು ಇದೇ ಬೆಳಕಿನಲ್ಲಿ ನೋಡಬೇಕು. ಕೈಬಂದೂಕುಗಳ ಸಿಡಿತದಲ್ಲಿ ಒತ್ತಡ ಕೆಲವೇ ಮೈಕ್ರೊಸೆಕೆಂಡುಗಳಲ್ಲಿ ತುದಿಗೇರುತ್ತದೆ, ಒಂದು ಮಿಲಿಸೆಕೆಂಡ್ ಕಳೆಯುವಷ್ಟರಲ್ಲಿ ಆ ಮೊದಲ ಶಿಖರ ಇಳಿದೂ ಹೋಗಿರುತ್ತದೆ. ಎರಡು ಮಿಲಿಸೆಕೆಂಡಿಗೆ ಎಚ್ಚರಗೊಳ್ಳುವ ಸರ್ಕ್ಯೂಟು ಆ ಶಿಖರವನ್ನು ಹಿಡಿಯುವುದು ಸಾಧ್ಯವೇ ಇಲ್ಲ. ಹಾಗಾದರೆ ಕಿವಿ ಉಳಿಯುವುದು ಹೇಗೆಂದರೆ, ಮೈಕ್ರೊಫೋನು ಮತ್ತು ವರ್ಧಕ ಒಂದು ಮಟ್ಟದ ಮೇಲೆ ತುಂಬಿ ನಿಂತುಬಿಡುತ್ತವೆ. ಎಷ್ಟೇ ದೊಡ್ಡ ಸದ್ದು ಬಂದರೂ ಆ ಪುಟ್ಟ ಸ್ಪೀಕರಿನಿಂದ ಒಂದು ಮಿತಿಗಿಂತ ಹೆಚ್ಚಿನ ಸದ್ದು ಹೊರಡಲಾರದು. ಸಿಡಿತದ ನಿಜವಾದ ಬಲವನ್ನು ತಡೆಯುವುದು ಮುಚ್ಚಿದ ತುದಿಯೇ. ಆದ್ದರಿಂದ 'ಪ್ರತಿಕ್ರಿಯೆಯ ಸಮಯ'ವನ್ನು ಮುಂದಿಟ್ಟುಕೊಂಡು ಎರಡು ಸಾಧನಗಳನ್ನು ಹೋಲಿಸುವುದರಲ್ಲಿ ಹೆಚ್ಚಿನ ಅರ್ಥವಿಲ್ಲ. ಸ್ಪೀಕರಿನಿಂದ ಹೊರಡುವ ಸದ್ದಿನ ಗರಿಷ್ಠ ಮಟ್ಟ ಎಷ್ಟು ಎಂದು ಕೇಳಿ. ಒಳ್ಳೆಯ ಸಾಧನಗಳಲ್ಲಿ ಅದು 82ರಿಂದ 85 ಡೆಸಿಬೆಲ್‌ನ ಸುತ್ತ ಇರುತ್ತದೆ. ಹೊರಗಿನ ಸದ್ದಿಗೆ ತಕ್ಕಂತೆ ವರ್ತಿಸುವ ಪ್ಲಗ್‌ಗಳಿಗೆ ಯುರೋಪಿನಲ್ಲಿ ಇಎನ್ 352-7 ಎಂಬ ಪ್ರತ್ಯೇಕ ಮಾನದಂಡವಿದೆ. ಅದರ ಪ್ರಕಾರ ಪರೀಕ್ಷೆಯಾದ ಸಾಧನದ ಕೈಪಿಡಿಯಲ್ಲಿ, ಹೊರಗೆ ಎಷ್ಟು ಸದ್ದಿದ್ದಾಗ ಕಿವಿಯೊಳಗಿನ ಮಟ್ಟ 85 ಡೆಸಿಬೆಲ್ ಮುಟ್ಟುತ್ತದೆ ಎಂಬ ವಿವರ ಇರುತ್ತದೆ. ಈ ಸಾಲು ಕಾಣದ ಕೈಪಿಡಿಯನ್ನು ನಾನು ಅನುಮಾನದಿಂದಲೇ ನೋಡುತ್ತೇನೆ.

ಸರ್ಕ್ಯೂಟಿನ ವಿಚಾರದಲ್ಲಿ ನೀವು ನಿಜವಾಗಿ ಗಮನ ಕೊಡಬೇಕಾದದ್ದು ಅದು ದೊಡ್ಡ ಸದ್ದನ್ನು ಹೇಗೆ ನಿಭಾಯಿಸುತ್ತದೆ ಎಂಬುದಕ್ಕೆ. ಇದರಲ್ಲಿ ಎರಡು ಬಗೆಗಳಿವೆ. ಮೊದಲನೆಯದು ಸದ್ದು ಮಿತಿ ದಾಟಿದ ಕೂಡಲೇ ಮೈಕ್ರೊಫೋನನ್ನು ಪೂರ್ತಿ ಕಡಿದುಹಾಕಿ, ಸ್ವಲ್ಪ ಹೊತ್ತಿನ ನಂತರ ಮತ್ತೆ ತೆರೆಯುವ ಬಗೆ. ಆರೇಳು ಜನ ಒಟ್ಟಿಗೆ ಹಾರಿಸುತ್ತಿರುವ ಸಾಲಿನಲ್ಲಿ ಇದು ಹೇಗೆ ಕೇಳುತ್ತದೆ ಎಂದು ಊಹಿಸಿ. ಅಧಿಕಾರಿ 'ಎಲ್ಲರೂ ಗುಂಡು ನಿಲ್ಲಿಸಿ, ಬಂದೂಕು ಖಾಲಿ ಮಾಡಿ' ಎಂದು ಕೂಗುತ್ತಾರೆ. 'ಎಲ್ಲರೂ' ಎಂಬುದು ಕೇಳಿಸುತ್ತದೆ, ಎಡಗಡೆಯಿಂದ ಒಂದು ಗುಂಡು ಹಾರುತ್ತದೆ, ಸರ್ಕ್ಯೂಟು ಕಡಿದುಹೋಗುತ್ತದೆ, ಮತ್ತೆ ತೆರೆಯುವ ಹೊತ್ತಿಗೆ 'ಖಾಲಿ ಮಾಡಿ' ಎಂಬುದರ ಬಾಲವಷ್ಟೇ ಉಳಿದಿರುತ್ತದೆ. ಆದೇಶದಲ್ಲಿ ಎಲ್ಲಕ್ಕಿಂತ ಮುಖ್ಯವಾದ 'ನಿಲ್ಲಿಸಿ' ಎಂಬ ಮಾತೇ ನಿಮಗೆ ತಲುಪಿಲ್ಲ. ಎರಡನೆಯ ಬಗೆಯಲ್ಲಿ ಸರ್ಕ್ಯೂಟು ದೊಡ್ಡ ಸದ್ದನ್ನು ಅದುಮಿ ಸಣ್ಣದು ಮಾಡುತ್ತದೆ, ಆದರೆ ದಾರಿಯನ್ನು ಮುಚ್ಚುವುದಿಲ್ಲ. ಗುಂಡಿನ ಸದ್ದು ಒಂದು ಮೊಂಡ ತಟ್ಟಿನಂತೆ ಕೇಳಿಸುತ್ತದೆ, ಅದರ ಅಡಿಯಲ್ಲೇ ಅಧಿಕಾರಿಯ ಮಾತು ಮುಂದುವರಿಯುತ್ತದೆ. ಇದಕ್ಕೆ ಕಂಪ್ರೆಷನ್ ಎನ್ನುತ್ತಾರೆ. ಆದೇಶ ಕೇಳಿಸಬೇಕೆಂಬುದೇ ನಿಮ್ಮ ಅಗತ್ಯವಾದ್ದರಿಂದ ಕಂಪ್ರೆಷನ್ ಇಲ್ಲದ ಸಾಧನವನ್ನು ಪಟ್ಟಿಯಿಂದಲೇ ತೆಗೆದುಹಾಕಿ. ಅಂಗಡಿಯಲ್ಲಿ ಪರೀಕ್ಷಿಸುವುದೂ ಸುಲಭ: ಸಾಧನ ಹಾಕಿಕೊಂಡು, ಜೊತೆಯವರಿಗೆ ನಿಲ್ಲಿಸದೆ ಮಾತನಾಡಲು ಹೇಳಿ, ನಡುನಡುವೆ ನೀವೇ ಜೋರಾಗಿ ಚಪ್ಪಾಳೆ ತಟ್ಟಿ. ಪ್ರತಿ ಚಪ್ಪಾಳೆಗೂ ಅವರ ಒಂದೊಂದು ಪದ ನುಂಗಿಹೋಗುತ್ತಿದ್ದರೆ ಆ ಸಾಧನ ನಿಮಗೆ ಬೇಡ.

ಇನ್ನು ಡಬ್ಬಿಯ ಮೇಲಿನ ಸಂಖ್ಯೆಗಳು. ಎನ್‌ಆರ್‌ಆರ್ ಎಂಬುದು ರಕ್ಷಕ ಎಷ್ಟು ಡೆಸಿಬೆಲ್ ಸದ್ದು ತಗ್ಗಿಸುತ್ತದೆ ಎಂದು ತಿಳಿಸಲು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ನಿಯಮದಂತೆ ಮುದ್ರಿಸುವ ಸಂಖ್ಯೆ; 1974ರ ಪರೀಕ್ಷಾ ವಿಧಾನವೊಂದು ಅದಕ್ಕೆ ಆಧಾರ. ಪ್ರಯೋಗಾಲಯದಲ್ಲಿ ಹತ್ತು ಜನರ ಕಿವಿಗೆ ಪರೀಕ್ಷಕರೇ ಪ್ಲಗ್ಗನ್ನು ಸರಿಯಾಗಿ ಕೂರಿಸಿ, ತಲಾ ಮೂರು ಬಾರಿ ಅಳೆದು, ಸರಾಸರಿಯಿಂದ ಎರಡು ಪ್ರಮಾಣ ವಿಚಲನೆಗಳನ್ನು (ಅಳತೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಸೂಚಕ) ಕಳೆದು ಲೆಕ್ಕ ಹಾಕುತ್ತಾರೆ. ಎಸ್‌ಎನ್‌ಆರ್ ಅದನ್ನೇ ಅಳೆಯುವ ಯುರೋಪಿನ ಪದ್ಧತಿ. ಹದಿನಾರು ಜನರ ಮೇಲೆ ಅಳೆದು, ಸರಾಸರಿಯಿಂದ ಒಂದು ವಿಚಲನೆಯನ್ನಷ್ಟೇ ಕಳೆಯುತ್ತಾರೆ. ಹೀಗಾಗಿ ಒಂದೇ ಪ್ಲಗ್‌ಗೆ ಎಸ್‌ಎನ್‌ಆರ್ ಸಾಮಾನ್ಯವಾಗಿ ಎನ್‌ಆರ್‌ಆರ್‌ಗಿಂತ ಕೆಲವು ಡೆಸಿಬೆಲ್ ಹೆಚ್ಚೇ ಕಾಣುತ್ತದೆ. 28 ಎಸ್‌ಎನ್‌ಆರ್ ಇರುವ ಸಾಧನ 25 ಎನ್‌ಆರ್‌ಆರ್ ಇರುವುದಕ್ಕಿಂತ ಮೇಲೆಂದು ಅದರಿಂದ ತೀರ್ಮಾನಿಸುವಂತಿಲ್ಲ. ಎನ್‌ಆರ್‌ಆರ್ ಅನ್ನು ಎನ್‌ಆರ್‌ಆರ್ ಜೊತೆ, ಎಸ್‌ಎನ್‌ಆರ್ ಅನ್ನು ಎಸ್‌ಎನ್‌ಆರ್ ಜೊತೆ ಮಾತ್ರ ಹೋಲಿಸಿ.

ಮುದ್ರಿತ ಸಂಖ್ಯೆ ನಿಮ್ಮ ಕಿವಿಗೆ ಸಿಗುವ ಸಂಖ್ಯೆಯೂ ಅಲ್ಲ. ಜನ ತಾವಾಗಿ ಹಾಕಿಕೊಂಡಾಗ ಪ್ಲಗ್ ಎಷ್ಟು ಸಡಿಲವಾಗಿ ಕೂರುತ್ತದೆ ಎಂಬುದನ್ನು ಗಮನಿಸಿಯೇ ಅಮೆರಿಕದ ರಾಷ್ಟ್ರೀಯ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆ, ನಿಯೋಷ್, 1998ರಲ್ಲಿ ಒಂದು ಕಡಿತದ ಲೆಕ್ಕವನ್ನು ಮುಂದಿಟ್ಟಿತು: ಇಯರ್‌ಮಫ್‌ನ ಎನ್‌ಆರ್‌ಆರ್‌ನಿಂದ ಶೇಕಡಾ 25, ಹಿಸುಕಿ ಹಾಕುವ ಫೋಮ್ ಪ್ಲಗ್‌ನಿಂದ ಶೇಕಡಾ 50, ಮಿಕ್ಕ ಬಗೆಯ ಪ್ಲಗ್‌ಗಳಿಂದ ಶೇಕಡಾ 70 ಕಳೆಯಬೇಕು ಎಂದು. ಇದು ಕಾರ್ಖಾನೆಯ ನಿರಂತರ ಸದ್ದಿಗಾಗಿ ಮಾಡಿದ ಲೆಕ್ಕ, ಗುಂಡಿನ ಸಿಡಿತಕ್ಕೆ ಇದನ್ನು ಹಾಗೆಯೇ ಅನ್ವಯಿಸಲಾಗದು. ಸಿಡಿತದ ಅಳತೆಯನ್ನೂ ಸೇರಿಸಿ 2010ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನದಂಡ ಸಂಸ್ಥೆಯ (ಆನ್ಸಿ) ಎಸ್ 12.42 ಮಾನದಂಡವನ್ನು ಪರಿಷ್ಕರಿಸಲಾಯಿತು. ಅದರಲ್ಲಿ ಕೃತಕ ತಲೆಯೊಂದರ ಕಿವಿಗೆ ಪ್ಲಗ್ ಹಾಕಿ, ಸುಮಾರು 132, 150 ಮತ್ತು 168 ಡೆಸಿಬೆಲ್‌ನ ಸಿಡಿತಗಳಿಗೆ ಒಡ್ಡಿ, ಒಳಗೆ ಎಷ್ಟು ತಗ್ಗಿತು ಎಂದು ನೇರವಾಗಿ ಅಳೆಯುತ್ತಾರೆ. ತಯಾರಕರು ಈ ಅಳತೆಯನ್ನು ಪ್ರಕಟಿಸಿದ್ದರೆ ಶೂಟರ್‌ಗೆ ಅದಕ್ಕಿಂತ ಉಪಯುಕ್ತ ಸಂಖ್ಯೆ ಇನ್ನೊಂದಿಲ್ಲ. ಆದರೂ ನಿಯೋಷ್‌ನ ಆ ಕಡಿತದ ಹಿಂದಿರುವ ಎಚ್ಚರಿಕೆ ನಿಮಗೂ ಸಲ್ಲುತ್ತದೆ. 25ರ ಎನ್‌ಆರ್‌ಆರ್ ಇರುವ ಪ್ಲಗ್ಗನ್ನು ಚೆನ್ನಾಗಿ ಕೂರಿಸಿದವರಿಗೂ ಅರ್ಧಂಬರ್ಧ ಕೂರಿಸಿದವರಿಗೂ ನಡುವೆ ಇರುವ ಅಂತರ, 25ರ ಪ್ಲಗ್‌ಗೂ 30ರ ಪ್ಲಗ್‌ಗೂ ಇರುವ ಅಂತರಕ್ಕಿಂತ ಬಹಳ ದೊಡ್ಡದು.

ಆದ್ದರಿಂದ ಡಬ್ಬಿಯೊಳಗೆ ಎಷ್ಟು ಅಳತೆಯ ತುದಿಗಳನ್ನು ಕೊಟ್ಟಿದ್ದಾರೆ ಎಂದು ನೋಡಿ. ಚಿಕ್ಕದು, ಮಧ್ಯಮ, ದೊಡ್ಡದು ಮೂರೂ ಇರಬೇಕು. ಫೋಮ್ ಮತ್ತು ಸಿಲಿಕೋನ್ ಎರಡೂ ಇದ್ದರೆ ಇನ್ನೂ ಒಳ್ಳೆಯದು. ಬಿಡಿ ತುದಿಗಳು ಮುಂದೆಯೂ ಸಿಗುವಂತಿರಬೇಕು, ಏಕೆಂದರೆ ಫೋಮ್ ಬೆವರು ಮತ್ತು ಗುಗ್ಗೆಯಿಂದ ಗಡುಸಾಗಿ ಹಿಗ್ಗುವ ಗುಣ ಕಳೆದುಕೊಳ್ಳುತ್ತದೆ. ಎರಡು ಕಿವಿಗಳ ನಾಳಗಳು ಒಂದೇ ಅಳತೆಯಲ್ಲಿ ಇರಬೇಕೆಂದೇನೂ ಇಲ್ಲ. ಎಡಕ್ಕೆ ಮಧ್ಯಮ, ಬಲಕ್ಕೆ ಚಿಕ್ಕದು ಸರಿಹೊಂದಿದರೆ ಹಾಗೆಯೇ ಹಾಕಿಕೊಳ್ಳಿ. ಎರಡು ಅಳತೆಗಳ ನಡುವೆ ಅನುಮಾನವಿದ್ದರೆ, ನೋವಾಗದ ಮಟ್ಟಿಗೆ ದೊಡ್ಡದನ್ನೇ ಆರಿಸುವುದು ಲೇಸು.

ಹಾಕಿಕೊಳ್ಳುವ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಒಂಟಿ ಫೋಮ್ ಪ್ಲಗ್ಗನ್ನು ಬೆರಳುಗಳ ನಡುವೆ ಪೂರ್ತಿ ಹೊಸೆಯಬಹುದು. ಎಲೆಕ್ಟ್ರಾನಿಕ್ ಸಾಧನದ ಫೋಮ್ ತುದಿಯ ನಡುವೆ ಸದ್ದು ಸಾಗುವ ಕೊಳವೆ ಇರುವುದರಿಂದ ಅದು ಅಷ್ಟು ತೆಳ್ಳಗಾಗುವುದಿಲ್ಲ. ಸುಕ್ಕು ಬೀಳದಂತೆ ಸುತ್ತಲೂ ಸಮನಾಗಿ ಅದುಮಿ, ಎದುರು ಕೈಯನ್ನು ತಲೆಯ ಮೇಲಿನಿಂದ ತಂದು ಕಿವಿಯ ಹಾಲೆಯ ಮೇಲ್ಭಾಗವನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ. ಹೀಗೆ ಎಳೆದಾಗ ಡೊಂಕಾಗಿರುವ ನಾಳ ನೇರವಾಗುತ್ತದೆ. ಫೋಮ್ ಹಿಗ್ಗುವ ಮೊದಲೇ ಸಾಧನವನ್ನು ತುಸು ತಿರುಗಿಸುತ್ತ ಒಳಗೆ ತಳ್ಳಿ, ಹಾಲೆಯನ್ನು ಬಿಟ್ಟು, 20ರಿಂದ 30 ಸೆಕೆಂಡು ಬೆರಳಿನಿಂದ ಒತ್ತಿ ಹಿಡಿಯಿರಿ. ಸಿಲಿಕೋನ್ ತುದಿಗೆ ಅದುಮುವ ಕೆಲಸವಿಲ್ಲ, ಹಾಲೆ ಎಳೆಯುವುದು ಮಾತ್ರ ತಪ್ಪಿದ್ದಲ್ಲ. ತೆಗೆಯುವಾಗ ಸರ್ರನೆ ಎಳೆಯದೆ ನಿಧಾನವಾಗಿ ತಿರುಗಿಸಿ ಗಾಳಿಯ ಬಿಗಿತ ಬಿಡಿಸಿ ತೆಗೆಯಿರಿ, ಇಲ್ಲವಾದರೆ ತಮಟೆಗೆ ನೋವಾಗುತ್ತದೆ. ಸರಿಯಾಗಿ ಕೂತಿದೆಯೇ ಎಂದು ತಿಳಿಯಲು ಎಲೆಕ್ಟ್ರಾನಿಕ್ಸ್ ಬಂದ್ ಮಾಡಿ, ಫ್ಯಾನಿನಂಥ ಒಂದೇ ಸಮನಾದ ಸದ್ದಿನ ಬಳಿ ನಿಂತು ಎರಡೂ ಅಂಗೈಗಳಿಂದ ಕಿವಿಗಳನ್ನು ಬಿಗಿಯಾಗಿ ಮುಚ್ಚಿ ತೆಗೆಯಿರಿ. ಮುಚ್ಚಿದಾಗ ಸದ್ದು ಗಣನೀಯವಾಗಿ ಇಳಿದರೆ ಪ್ಲಗ್ ಸೋರುತ್ತಿದೆ ಎಂದರ್ಥ. ಬಾಯಿ ಮುಚ್ಚಿ ಗುನುಗಿ ನೋಡಿ. ನಿಮ್ಮ ದನಿ ಎರಡೂ ಕಿವಿಗಳಲ್ಲಿ ಸಮನಾಗಿ, ತಲೆಯ ನಡುವಿನಿಂದ ಬಂದಂತೆ ಗುಂಯ್‌ಗುಡಬೇಕು. ಒಂದು ಬದಿಯಲ್ಲಿ ಮಾತ್ರ ಗುಂಯ್‌ಗುಟ್ಟಿದರೆ ಇನ್ನೊಂದು ಬದಿಯದನ್ನು ತೆಗೆದು ಮತ್ತೆ ಹಾಕಿ. ಮಾತನಾಡುವಾಗ, ಜಗಿಯುವಾಗ, ಸ್ಟಾಕಿಗೆ ಕೆನ್ನೆ ಒತ್ತುವಾಗ ದವಡೆ ಚಲಿಸಿ ತುದಿ ಮೆಲ್ಲನೆ ಹೊರಕ್ಕೆ ಜಾರುತ್ತದೆ. ಪ್ರತಿ ಸುತ್ತಿನ ಆರಂಭದಲ್ಲಿ ಈ ಪರೀಕ್ಷೆಯನ್ನು ಮತ್ತೊಮ್ಮೆ ಮಾಡುವುದು ರೂಢಿಯಾಗಲಿ.

ಅಚ್ಚು ತೆಗೆಸಿ ಮಾಡಿಸಿಕೊಳ್ಳುವ ವಿಚಾರದಲ್ಲಿ ನನ್ನ ಅಭಿಪ್ರಾಯ ಇಷ್ಟು. ಅಚ್ಚಿನ ಪ್ಲಗ್ ಚೆನ್ನಾಗಿ ಕೂರಿಸಿದ ಫೋಮ್ ತುದಿಗಿಂತ ಹೆಚ್ಚು ಸದ್ದು ತಡೆಯುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ, ಎಷ್ಟೋ ಸಲ ಕಡಿಮೆಯೇ ತಡೆಯುತ್ತದೆ. ಅದರ ನಿಜವಾದ ಲಾಭ ಎರಡು: ಗಂಟೆಗಟ್ಟಲೆ ಹಾಕಿಕೊಂಡರೂ ಕಿವಿ ನೋಯುವುದಿಲ್ಲ, ಮತ್ತು ಪ್ರತಿ ಸಲವೂ ಒಂದೇ ರೀತಿ ಕೂರುತ್ತದೆ. ಫೋಮ್ ತುದಿ ಯಾವ ಅಳತೆಯಲ್ಲೂ ನಿಲ್ಲದವರಿಗೆ, ನಾಳ ತೀರಾ ಕಿರಿದಾಗಿರುವವರಿಗೆ, ವಾರಕ್ಕೆ ಹಲವು ದಿನ ರೇಂಜಿನಲ್ಲಿರುವ ತರಬೇತುದಾರರಿಗೆ ಅದು ಸರಿಯಾದ ಆಯ್ಕೆ. ಮಾಡಿಸುವುದಾದರೆ ಅಚ್ಚನ್ನು ಶ್ರವಣ ತಜ್ಞರ (ಆಡಿಯಾಲಜಿಸ್ಟ್) ಬಳಿಯೇ ತೆಗೆಸಿ. ಅವರು ಮೊದಲು ಕಿವಿಯೊಳಗೆ ನೋಡಿ, ಗುಗ್ಗೆ ಇದ್ದರೆ ತೆಗೆದು, ನಾಳದ ಎರಡನೆಯ ತಿರುವಿನಾಚೆಗೆ ಹತ್ತಿಯ ಅಥವಾ ಫೋಮಿನ ತಡೆಯೊಂದನ್ನು ಇಟ್ಟು, ಆಮೇಲೆ ಸಿಲಿಕೋನ್ ತುಂಬುತ್ತಾರೆ. ಆ ತಡೆ ಸಾಕಷ್ಟು ಆಳದಲ್ಲಿರಬೇಕು, ಇಲ್ಲವಾದರೆ ಪ್ಲಗ್ ಗಿಡ್ಡವಾಗಿ ಸೋರುತ್ತದೆ. ಬಾಯಿ ತೆರೆದಾಗ ನಾಳದ ಆಕಾರ ಬದಲಾಗುವುದರಿಂದ, ಬಾಯಿ ತೆರೆದಿಟ್ಟುಕೊಂಡು ಅಚ್ಚು ತೆಗೆಯುವಂತೆ ಕೇಳಿ. ಬೆಳೆಯುವ ವಯಸ್ಸಿನವರಿಗೆ ಅಚ್ಚಿನ ಪ್ಲಗ್ ಬೇಡ; ಕಿವಿ ಬೆಳೆಯುತ್ತಿದ್ದಂತೆ ಅದು ಸಡಿಲವಾಗುತ್ತದೆ, ಸಡಿಲವಾದದ್ದು ಕಣ್ಣಿಗೆ ಕಾಣುವುದೂ ಇಲ್ಲ. ಮೊದಲ ಸಾಧನವಾಗಿ ನಿಮಗೆ ಫೋಮ್ ತುದಿಯದೇ ಸಾಕು.

ಎರಡು ಪದರದ ರಕ್ಷಣೆ, ಅಂದರೆ ಪ್ಲಗ್ ಮೇಲೆ ಮಫ್, ಯಾವಾಗ ಬೇಕು? ಗೋಡೆಗಳಿಂದ ಸದ್ದು ಮರಳಿ ಬರುವ ಒಳಾಂಗಣ ರೇಂಜಿನಲ್ಲಿ, ದೊಡ್ಡ ಬೋರಿನ ರೈಫಲ್‌ಗಳೊಂದಿಗೆ, ಹಿಂದೊದೆತ ತಗ್ಗಿಸಲು ನಳಿಗೆಯ ಬಾಯಿಗೆ ಮಜಲ್ ಬ್ರೇಕ್ ಹಾಕಿದ ಬಂದೂಕಿನ ಪಕ್ಕದಲ್ಲಿ ಅದು ಬೇಕೇ ಬೇಕು. ಬ್ರೇಕು ಅನಿಲವನ್ನು ಪಕ್ಕಕ್ಕೂ ಹಿಂದಕ್ಕೂ ತಿರುಗಿಸುವುದರಿಂದ ಹಾರಿಸುವವರಿಗಿಂತ ಪಕ್ಕದಲ್ಲಿ ನಿಂತವರಿಗೆ ಕಷ್ಟ ಹೆಚ್ಚು. ಎರಡನ್ನೂ ಹಾಕಿದರೆ ಎರಡರ ಸಂಖ್ಯೆಗಳು ಕೂಡಿಕೊಳ್ಳುವುದಿಲ್ಲ. ಹೆಚ್ಚಿನ ಎನ್‌ಆರ್‌ಆರ್‌ಗೆ ಸುಮಾರು 5 ಡೆಸಿಬೆಲ್ ಸೇರಿಸಿಕೊಳ್ಳಿ ಎಂಬುದು ವಾಡಿಕೆಯ ಲೆಕ್ಕ. ತಲೆಬುರುಡೆಯ ಮೂಳೆಯ ಮೂಲಕವೇ ಸದ್ದು ಒಳಕಿವಿ ತಲುಪುವುದರಿಂದ 40ರಿಂದ 50 ಡೆಸಿಬೆಲ್‌ಗಿಂತ ಹೆಚ್ಚಿನ ರಕ್ಷಣೆ ಯಾವ ಪ್ಲಗ್‌ನಿಂದಲೂ ಸಾಧ್ಯವಿಲ್ಲ. ಇಲ್ಲಿ ಒಂದು ಪ್ರಾಯೋಗಿಕ ಸಂಗತಿ ಇದೆ. ಕಿವಿಯೊಳಗಿನ ಎಲೆಕ್ಟ್ರಾನಿಕ್ ಸಾಧನದ ಮೇಲೆ ಸಾದಾ ಮಫ್ ಹಾಕಿದರೆ ಅದರ ಮೈಕ್ರೊಫೋನು ಮುಚ್ಚಿಹೋಗಿ ಮಾತು ಕೇಳುವುದೇ ನಿಂತುಹೋಗುತ್ತದೆ. ಎರಡು ಪದರವೂ ಬೇಕು, ಮಾತೂ ಕೇಳಬೇಕು ಎಂದಾದರೆ ಒಳಗೆ ಸಾದಾ ಫೋಮ್ ಪ್ಲಗ್, ಹೊರಗೆ ಎಲೆಕ್ಟ್ರಾನಿಕ್ ಮಫ್ ಹಾಕಿ, ಅದರ ಧ್ವನಿಯನ್ನು ಏರಿಸಿಕೊಳ್ಳಬೇಕು. ಬಯಲಿನಲ್ಲಿ ನಡೆಯುವ ಟ್ರ್ಯಾಪ್‌ಗೆ, ತುದಿ ಚೆನ್ನಾಗಿ ಕೂತಿದ್ದರೆ, ಒಂದೇ ಪದರ ಸಾಕು.

ನಿಮ್ಮ ಮಫ್ ಸ್ಟಾಕಿಗೆ ತಾಗುವುದು ಬರಿಯ ಕಿರಿಕಿರಿಯ ವಿಷಯವಲ್ಲ. ಮೆತ್ತೆ ಒಂದು ಕಡೆ ಎದ್ದರೆ ಅಲ್ಲಿಂದ ಸದ್ದು ನುಗ್ಗುತ್ತದೆ. ರಕ್ಷಣಾ ಕನ್ನಡಕದ ಕಡ್ಡಿ ಮೆತ್ತೆಯಡಿ ಹಾದುಹೋದರೂ ಇದೇ ಆಗುತ್ತದೆ. ಕನ್ನಡಕ ಬಿಡುವಂತಿಲ್ಲವಾದ್ದರಿಂದ ರೈಫಲ್ ಮತ್ತು ಶಾಟ್‌ಗನ್ ಶೂಟರ್‌ಗಳಿಗೆ ಕಿವಿಯೊಳಗಿನ ಸಾಧನವೇ ಹೆಚ್ಚು ನಂಬಿಕೆಗೆ ಯೋಗ್ಯವೆಂದು ನಾನು ಹೇಳುತ್ತೇನೆ. ಆದರೆ ಕವಚ ಕಿವಿಯಿಂದ ಹೊರಗೆ ಹೆಚ್ಚು ಚಾಚಿರಬಾರದು. ಕೊಳ್ಳುವ ಮೊದಲು ಟೋಪಿ, ಕನ್ನಡಕ ಎಲ್ಲ ಹಾಕಿಕೊಂಡು ಬಂದೂಕು ಹಿಡಿವ ಭಂಗಿಯಲ್ಲಿ ನಿಂತು ನೋಡಿ.

ಮನೆಯಲ್ಲಿ ಹಾಡು ಕೇಳಲು ಬಳಸುವ ಸದ್ದು ಅಳಿಸುವ ಇಯರ್‌ಬಡ್‌ಗಳನ್ನು ರೇಂಜಿಗೆ ತರುವವರಿದ್ದಾರೆ. ಇದು ಅಪಾಯಕಾರಿ ತಪ್ಪು ತಿಳಿವಳಿಕೆ. ಅವು ವಿಮಾನದ ಗುಂಯ್‌ಗುಡುವಿಕೆಯಂಥ, ಒಂದೇ ಸಮನೆ ಇರುವ, ತಗ್ಗಿನ ಆವರ್ತನದ ಸದ್ದಿಗೆ ಎದುರು ಅಲೆ ಹುಟ್ಟಿಸಿ ಅಳಿಸುತ್ತವೆ. ಗುಂಡಿನ ಶಿಖರವನ್ನು ಹಾಗೆ ಅಳಿಸಲಾಗದು. ಅವುಗಳಲ್ಲಿ ಹೆಚ್ಚಿನವುಗಳ ಕವಚದಲ್ಲಿ ಗಾಳಿಯಾಡಲು ಬಿಟ್ಟ ರಂಧ್ರಗಳೂ ಇರುತ್ತವೆ. ಶ್ರವಣ ಸಾಧನ ಬಳಸುವವರು ಅದನ್ನೇ ರಕ್ಷಕವೆಂದು ಎಣಿಸುವುದೂ ಇಷ್ಟೇ ತಪ್ಪು. ಎಲೆಕ್ಟ್ರಾನಿಕ್ಸ್ ಬೇಡವೆನ್ನುವವರಿಗೆ ಸಣ್ಣ ರಂಧ್ರದ ಫಿಲ್ಟರ್ ಇರುವ ಸಾದಾ ಪ್ಲಗ್‌ಗಳಿವೆ. ಮಾತಿನಂಥ ಮೆಲುಸದ್ದು ಆ ರಂಧ್ರದಿಂದ ಸಾಗುತ್ತದೆ, ಸಿಡಿತದ ವೇಗಕ್ಕೆ ರಂಧ್ರದೊಳಗಿನ ಗಾಳಿ ಸುಳಿಗಟ್ಟಿ ತಾನೇ ತಡೆಯಾಗುತ್ತದೆ. ಅವು ಮಾತನ್ನು ವರ್ಧಿಸುವುದಿಲ್ಲ; .22 ರೈಫಲ್‌ಗೆ, ಬಯಲಿನಲ್ಲಿ, ಅವನ್ನು ಪರಿಗಣಿಸಬಹುದು.

ಬ್ಯಾಟರಿಯಲ್ಲಿ ಎರಡು ಬಗೆ. ಶ್ರವಣ ಸಾಧನಗಳಿಗೆ ಬಳಸುವ 10 ಅಥವಾ 312 ಅಳತೆಯ ಜಿಂಕ್-ಏರ್ ಗುಂಡಿ ಬ್ಯಾಟರಿ ಎಲ್ಲ ಕಡೆ ಸಿಗುತ್ತದೆ, ಆದರೆ ಅದರ ಅಂಟುಪಟ್ಟಿ ಕಿತ್ತ ಮೇಲೆ ಬಳಸಲಿ ಬಿಡಲಿ ದಿನದಿಂದ ದಿನಕ್ಕೆ ಖಾಲಿಯಾಗುತ್ತಲೇ ಇರುತ್ತದೆ. ಚಿಕ್ಕ ಮಕ್ಕಳು ನುಂಗಿದರೆ ಗುಂಡಿ ಬ್ಯಾಟರಿಗಳಿಂದ ಪ್ರಾಣಾಪಾಯವಿದೆ, ಕೈಗೆ ಸಿಗದಂತೆ ಇಡಿ. ಚಾರ್ಜ್ ಮಾಡುವ ಲಿಥಿಯಂ ಬಗೆ ಅನುಕೂಲಕರ, ಆದರೆ ಒಳಗಿನ ಬ್ಯಾಟರಿ ದುರ್ಬಲವಾದ ದಿನ ಇಡೀ ಸಾಧನವನ್ನೇ ಬದಲಿಸಬೇಕಾಗುತ್ತದೆ. ಗಾಳಿ ಬೀಸಿದಾಗ ಮೈಕ್ರೊಫೋನಿನಲ್ಲಿ ಏಳುವ ಸುಯ್ಲು, ನಿಶ್ಶಬ್ದ ಕೋಣೆಯಲ್ಲಿ ಸರ್ಕ್ಯೂಟಿನ ಸ್ವಂತ ಹಿಸ್ ಸದ್ದು, ಎರಡನ್ನೂ ಸಾಧನ ಹಾಕಿಕೊಂಡೇ ಪರೀಕ್ಷಿಸಿ. ಗುರಿಯ ಏಕಾಗ್ರತೆಗೆ ಇವು ಅಡ್ಡಿಯಾಗುತ್ತವೆ. ಸದ್ದು ಯಾವ ದಿಕ್ಕಿನಿಂದ ಬಂತೆಂಬ ಅರಿವು ಎಲೆಕ್ಟ್ರಾನಿಕ್ ಸಾಧನಗಳಲ್ಲಿ ಸ್ವಲ್ಪ ಮಂಕಾಗುತ್ತದೆ, ಮುಂದೆ ಮತ್ತು ಹಿಂದೆ ಅದಲುಬದಲಾಗುವುದೂ ಉಂಟು. ಕಣ್ಣಿನಿಂದ ಖಚಿತಪಡಿಸಿಕೊಳ್ಳುವ ಅಭ್ಯಾಸ ಬಿಡಬೇಡಿ. ಬ್ಲೂಟೂತ್‌ಗಾಗಿ ಹಣ ಸುರಿಯುವ ಅಗತ್ಯ ನನಗೆ ಕಾಣುವುದಿಲ್ಲ.

ಸ್ಪರ್ಧೆಯ ಯೋಚನೆ ಇದ್ದರೆ ಕೊಳ್ಳುವ ಮೊದಲೇ ನಿಯಮಪುಸ್ತಕ ತೆರೆಯಿರಿ. ಅಂತಾರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟದ ನಿಯಮಗಳು ಶ್ರವಣ ರಕ್ಷಣೆಯನ್ನು ಒತ್ತಾಯಪೂರ್ವಕವಾಗಿ ಸೂಚಿಸುತ್ತವೆ. ಆದರೆ ಧ್ವನಿ ಗ್ರಹಿಸುವ ಸಾಧನವನ್ನು ಒಳಗೊಂಡ ರಕ್ಷಕಗಳನ್ನು ಕ್ರೀಡಾಪಟುಗಳು ಸ್ಪರ್ಧೆಯಲ್ಲಿ ಧರಿಸುವಂತಿಲ್ಲ. ಶ್ರವಣದೋಷ ಇರುವವರು ಮಾತ್ರ ಅನುಮತಿ ಪಡೆದು ಬಳಸಬಹುದು. ಹಾಗಾಗಿ ಅಂಥ ಸ್ಪರ್ಧೆಗೆ ಸಜ್ಜಾಗುವವರು ಸಾದಾ ಪ್ಲಗ್‌ನಲ್ಲೂ ಕೆಲವು ಸುತ್ತು ಅಭ್ಯಾಸ ಮಾಡಿರಬೇಕು, ಇಲ್ಲವಾದರೆ ಸ್ಪರ್ಧೆಯ ದಿನ ಸುತ್ತಲಿನ ಮೌನವೇ ಅಪರಿಚಿತವೆನಿಸುತ್ತದೆ. ಬೇರೆ ಸಂಸ್ಥೆಗಳ ಪಂದ್ಯಗಳಿಗೆ ಬೇರೆ ನಿಯಮಗಳಿರುತ್ತವೆ, ಆಯೋಜಕರನ್ನೇ ಕೇಳಿ.

ಕೊನೆಯದಾಗಿ, ಕೊಳ್ಳುವ ಹೊತ್ತಿನಲ್ಲೇ ಒಮ್ಮೆ ಶ್ರವಣ ಪರೀಕ್ಷೆ ಮಾಡಿಸಿಕೊಳ್ಳಿ, 3000, 4000, 6000 ಮತ್ತು 8000 ಹರ್ಟ್ಸ್ ಅದರಲ್ಲಿ ಸೇರಿರಲಿ. ನಕ್ಷೆಯನ್ನು ಇಟ್ಟುಕೊಂಡು ವರ್ಷಕ್ಕೊಮ್ಮೆ ಹೊಸದರೊಂದಿಗೆ ಹೋಲಿಸಿ. ಕಿವಿಯಲ್ಲಿ ಸೋರಿಕೆ, ನೋವು, ತಮಟೆಯಲ್ಲಿ ತೂತು ಇರುವವರು ವೈದ್ಯರನ್ನು ಕೇಳದೆ ಏನನ್ನೂ ಕಿವಿಯೊಳಗೆ ಹಾಕಬಾರದು. ಅಭ್ಯಾಸ ಮುಗಿದ ಮೇಲೆ ಕಿವಿ ಗುಂಯ್ ಎಂದರೆ, ಮಾತು ಹತ್ತಿಯೊಳಗಿಂದ ಬಂದಂತೆ ಕೇಳಿದರೆ, ಆ ದಿನ ನಿಮ್ಮ ರಕ್ಷಣೆ ಎಲ್ಲೋ ಸೋತಿದೆ; ತುದಿಯ ಅಳತೆ, ಕೂರಿಸಿದ ಕ್ರಮ, ಪಕ್ಕದವರ ಬಂದೂಕು, ಇವುಗಳಲ್ಲಿ ಕಾರಣ ಸಿಗುವವರೆಗೆ ಮತ್ತೆ ಹಾರಿಸಬೇಡಿ. ಆ ಗುಂಯ್‌ಗುಡುವಿಕೆ ಮರುದಿನವೂ ಉಳಿದರೆ ಅಥವಾ ಕೇಳುವಿಕೆ ಥಟ್ಟನೆ ಕುಸಿದರೆ, ತಾನೇ ಸರಿಹೋಗಲಿ ಎಂದು ಕಾಯದೆ ಅಂದೇ ಕಿವಿ-ಮೂಗು-ಗಂಟಲು ತಜ್ಞರನ್ನು ಕಾಣಿ. ಇಂಥ ಹಾನಿಗೆ ಕೊಡುವ ಚಿಕಿತ್ಸೆ ಫಲ ಕೊಡುವ ಅವಕಾಶ ಮೊದಲ ಕೆಲವು ದಿನಗಳಲ್ಲೇ ಹೆಚ್ಚು.